ಕಣ್ಣಿಗೊಂದು ಕೇಕ್, ನಾಲಿಗೆಗೊಂದು ಕೇಕ್

ಶನಿವಾರ ರಾತ್ರಿ ಹತ್ತೂವರೆ ಗಂಟೆ. ಫ್ರಿಜ್ಜಿನ ನಡುವಿನ ಅರೆ ಖಾಲಿಯಾಗಿದೆ. ಮಧ್ಯಾಹ್ನದ ಹುಳಿ, ದೋಸೆ ಹಿಟ್ಟು, ಕೊತ್ತಂಬರಿ ಕಟ್ಟು ಎಲ್ಲವೂ ಕೆಳಗೆ ಒಂದರ ಮೇಲೊಂದು ಕೂತಿವೆ. ಅಡುಗೆಮನೆಯ ಕಟ್ಟೆಯ ಮೇಲೆ ತಿರುಗುವ ಮಣೆ, ಅದರ ಮೇಲೆ ಅರ್ಧ ಕ್ರೀಮ್ ಬಳಿದ ಕೇಕ್. ಸಕ್ಕರೆ ಪುಡಿ ಹಾರುತ್ತದೆಂದು ಫ್ಯಾನ್ ಹಾಕುವಂತಿಲ್ಲ. ಬೀಟರಿನ ಗರಗರ ಸದ್ದಿಗೆ ನಡುಮನೆಯಲ್ಲಿ ಕೂತ ಮಾವ ಟಿ.ವಿ. ದನಿ ಏರಿಸಿದ್ದಾರೆ. ಉಪ್ಪಿನಕಾಯಿ ಜಾಡಿಗೆ ಒರಗಿಸಿಟ್ಟ ಮೊಬೈಲಿನಲ್ಲಿ ಕೊಂಬಿನ ಕುದುರೆ ಹೊತ್ತ ಮೂರಂತಸ್ತಿನ ಕೇಕಿನ ಚಿತ್ರ. ನಾಳೆ ನಾದಿನಿಯ ಮಗಳಿಗೆ ಒಂದು ವರ್ಷ ತುಂಬುತ್ತದೆ. ‘ಅಂಗಡಿಯದ್ದು ಬೇಡ, ಅತ್ತಿಗೆ ಕೈಯಲ್ಲೇ ಮಾಡಿಸೋಣ’ ಎಂದು ತಿಂಗಳ ಹಿಂದೆಯೇ ತೀರ್ಮಾನವಾಗಿದೆ.

ಹೀಗೆ ಬಂಧುಬಳಗಕ್ಕೆಂದು ಮನೆಯಲ್ಲೇ ಕೇಕ್ ಮಾಡಿ ಸಿಂಗರಿಸುವವರು ಈಗ ಬೆಂಗಳೂರು, ಮೈಸೂರು ದಾಟಿ ತಾಲ್ಲೂಕು ಕೇಂದ್ರಗಳಲ್ಲೂ ಸಿಗುತ್ತಾರೆ. ತಿನ್ನುವವರಿಗೆ ಕಾಣುವುದು ಕೊನೆಯ ಹತ್ತು ನಿಮಿಷ: ಮೇಣದಬತ್ತಿ, ಚಪ್ಪಾಳೆ, ಫೋಟೊ. ಅದರ ಹಿಂದೆ ಎರಡು ದಿನದ ಕೆಲಸ, ಒಂದಿಷ್ಟು ರಸಾಯನಶಾಸ್ತ್ರ, ಒಂದಿಷ್ಟು ಹವಾಮಾನ, ಮನೆಯ ಹಿರಿಯರ ಆಚಾರದ ಲೆಕ್ಕ, ಸಾಕಷ್ಟು ಸಂಕೋಚ ಎಲ್ಲ ಇರುತ್ತವೆ.

ಜೊತೆಗೊಂದು ವಿಚಿತ್ರವೂ ಇದೆ. ಅಂಗಡಿಯ ಕೇಕ್ ಗಾಜಿನ ಪೆಟ್ಟಿಗೆಯಲ್ಲಿ ದಿನಗಟ್ಟಲೆ ಕೂರಬೇಕು, ಬೈಕಿನ ಮೇಲೆ ಊರು ಸುತ್ತಬೇಕು, ಯಾರಾದರೂ ಕೊಳ್ಳುವವರೆಗೆ ಅದರ ಮುಖ ಬಾಡಬಾರದು. ಅದರ ಕ್ರೀಮ್, ಬಣ್ಣ, ಎಸೆನ್ಸ್ ಎಲ್ಲ ಈ ಕಟ್ಟುಪಾಡಿಗೆ ತಕ್ಕಂತೆ ಹುಟ್ಟಿಕೊಂಡವು. ಮನೆಯ ಕೇಕಿಗೆ ಇಂಥ ಯಾವ ಕಟ್ಟೂ ಇಲ್ಲ. ಸಂಜೆ ಕತ್ತರಿಸಿದರೆ ರಾತ್ರಿಯೊಳಗೆ ತಟ್ಟೆ ಖಾಲಿ. ಆದರೂ ನಾವು ರಾತ್ರಿ ನಿದ್ದೆಗೆಟ್ಟು ಮನೆಯಲ್ಲಿ ಮಾಡುವುದು ಅಂಗಡಿ ಕೇಕಿನ ನಕಲನ್ನೇ! ಏಕೆ ಹೀಗೆ ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಚಿಕ್ಕಪೇಟೆಯ ದಾರಿ

ಕೇಕ್ ನಮ್ಮ ಕಡೆಗೆ ಬಂದದ್ದು ಎರಡು ದಾರಿಯಲ್ಲಿ. ಒಂದು ಕ್ರಿಸ್‌ಮಸ್ಸಿನ ದಾರಿ. ಕೇರಳದ ತಲಶ್ಶೇರಿಯಲ್ಲಿ 1883ರಲ್ಲಿ ಮಂಬಳ್ಳಿ ಬಾಪು ಎಂಬ ಬೇಕರಿಯವರು, ತೋಟದ ಮಾಲೀಕರಾಗಿದ್ದ ಬ್ರೌನ್ ದೊರೆ ತಂದ ಪ್ಲಮ್ ಕೇಕನ್ನು ನೋಡಿ ಅಂಥದ್ದೇ ಬೇಯಿಸಿಕೊಟ್ಟರು, ದೇಶದ ಮೊದಲ ಕ್ರಿಸ್‌ಮಸ್ ಕೇಕ್ ಅದೇ ಎಂಬುದು ಆ ಕಡೆಯ ಪ್ರಸಿದ್ಧ ಕತೆ. ಮಂಗಳೂರಿನ ಕ್ಯಾಥೊಲಿಕ್ ಮನೆಗಳಲ್ಲಿ ಡಿಸೆಂಬರಿನ ಕುಸ್ವಾರ್ ತಟ್ಟೆಯಲ್ಲಿ ಕುಲ್ಕುಲ್, ನೆವ್ರಿಗಳ ಜೊತೆ ರಮ್ಮಿನಲ್ಲಿ ನೆನೆಸಿದ ಹಣ್ಣುಗಳ ಕೇಕ್ ಇರಲೇಬೇಕು. ಬೆಂಗಳೂರಿನ ದಂಡು ಪ್ರದೇಶದಲ್ಲೂ ಈ ದಾರಿಯ ಗುರುತುಗಳಿವೆ. ಫ್ರೇಜರ್ ಟೌನಿನ ಆಲ್ಬರ್ಟ್ ಬೇಕರಿ 1902ರದ್ದು.

ಇನ್ನೊಂದು ದಾರಿ ಪೇಟೆಯದು. ಹಾಸನ ಸೀಮೆಯಿಂದ ಬಂದ ಎಚ್.ಎಸ್. ತಿರುಮಲಾಚಾರ್ 1898ರಲ್ಲಿ ಚಿಕ್ಕಪೇಟೆಯಲ್ಲಿ ತೆರೆದ ಬೆಂಗಳೂರು ಬ್ರದರ್ಸ್ ಬೇಕರಿಯನ್ನು ಅಯ್ಯಂಗಾರ್ ಬೇಕರಿಗಳ ಮೂಲ ಎನ್ನುತ್ತಾರೆ. ಆಮೇಲೆ ಹಾಸನದ ಊರೂರುಗಳಿಂದ ಅಣ್ಣ, ತಮ್ಮ, ಭಾವಮೈದುನ ಎಂದು ಒಬ್ಬರ ಹಿಂದೊಬ್ಬರು ಬಂದು ಬೇಕರಿ ಇಟ್ಟರು. ಇವರ ದೊಡ್ಡ ಕೊಡುಗೆ ಮೊಟ್ಟೆಯಿಲ್ಲದ ಕೇಕ್. ಸಕ್ಕರೆ ಪಾಕ, ಜೇನು ಸವರಿ ನೆನೆಸಿದ ಮೆತ್ತನೆಯ ಕೇಕು, ಮೇಲೆ ಕೆಂಪು ಜಾಮ್, ಅದರ ಮೇಲೆ ಒಣಕೊಬ್ಬರಿ ತುರಿ: ‘ಹನಿ ಕೇಕ್’ ಎಂಬ ಈ ತುಂಡು ಮಡಿಯಜ್ಜಿಯ ಬಾಯಿಗೂ ಕೇಕಿನ ರುಚಿ ಹತ್ತಿಸಿತು. ಮೂರು ತಲೆಮಾರಿನ ಕನ್ನಡಿಗರಿಗೆ ‘ಕೇಕ್ ಎಂದರೆ ಹೀಗಿರಬೇಕು’ ಎಂಬ ಕಲ್ಪನೆ ಹುಟ್ಟಿದ್ದೇ ಬೇಕರಿಯ ಕಟ್ಟೆಯ ಮುಂದೆ ನಿಂತು. ಮನೆಯಲ್ಲಿ ನಕಲು ಮಾಡುವ ಚಾಳಿ ಅಲ್ಲಿಂದಲೇ ಬಂದದ್ದು.

ಹಾಗೆಂದು ಹಿಟ್ಟನ್ನು ಬಿಸಿಗಾಳಿಯಲ್ಲಿ ಬೇಯಿಸುವುದು ನಮ್ಮ ಮನೆಗಳಿಗೆ ಹೊಸದಲ್ಲ. ಕರಾವಳಿಯ ಕೊಂಕಣಿ ಮನೆಗಳ ತವಸಳಿಯನ್ನೇ ನೋಡಿ. ಸೌತೆಕಾಯಿ ತುರಿ, ಅಕ್ಕಿ ರವೆ, ಬೆಲ್ಲ, ತೆಂಗಿನಕಾಯಿ ಕಲಸಿ ಪಾತ್ರೆಗೆ ಸುರಿದು, ಒಲೆಯಲ್ಲಿ ಸಣ್ಣ ಬೆಂಕಿ, ಮುಚ್ಚಳದ ಮೇಲೆ ಕೆಂಡ. ಮೇಲೂ ಕೆಳಗೂ ಕಾವು ಕೊಡುವ, ಓಟಿಜಿ ಎಂಬ ಇಂದಿನ ಕರೆಂಟಿನ ಒವನ್ ಮಾಡುವುದು ಇದನ್ನೇ.

ಅಲಂಕಾರದ ಹುಚ್ಚಿಗೂ ಒಂದು ಮೂಲವಿದೆ. ಬೆಂಗಳೂರಿನಲ್ಲಿ ಪ್ರತಿ ಡಿಸೆಂಬರಿನಲ್ಲಿ ನಡೆಯುವ ಕೇಕ್ ಪ್ರದರ್ಶನ 1970ರ ದಶಕದಿಂದ ಬಂದ ವಾಡಿಕೆ. ಸಕ್ಕರೆಯಲ್ಲಿ ಕಟ್ಟಿದ ಕೋಟೆ, ಅರಮನೆ, ಗೋಪುರಗಳನ್ನು ನೋಡಲು ಮಕ್ಕಳನ್ನು ಹೆಗಲ ಮೇಲೆ ಹೊತ್ತುಕೊಂಡು ಜನ ಸಾಲು ನಿಲ್ಲುತ್ತಾರೆ. ಅವು ತಿನ್ನಲು ಕಟ್ಟಿದವಲ್ಲ, ನೋಡಲು ಕಟ್ಟಿದವು. ಆ ಗೆರೆ ಮೊದಲು ಸ್ಪಷ್ಟವಾಗಿತ್ತು. ಮೊಬೈಲ್ ಬಂದ ಮೇಲೆ ಅಳಿಸಿಹೋಯಿತು.

ಮನೆಯೊಳಗೆ ಕೇಕ್ ಕಾಲಿಟ್ಟದ್ದು ಗಾಜಿನ ಕಿಂಡಿಯಿದ್ದ ಗುಂಡನೆಯ ಅಲ್ಯೂಮಿನಿಯಂ ಒವನ್, ಮಿಲ್ಕ್‌ಮೇಡ್ ಡಬ್ಬಿ, ವಾರಪತ್ರಿಕೆಯ ಅಡುಗೆ ಪುಟ ಈ ಮೂರರ ನೆರವಿನಿಂದ. 2020ರ ಲಾಕ್‌ಡೌನಿನಲ್ಲಿ ಬೇಕರಿಗಳಿಗೆ ಬೀಗ ಬಿದ್ದಾಗ ಅದುವರೆಗೆ ಕೈಹಾಕದವರೂ ಕುಕ್ಕರ್ ಎತ್ತಿಕೊಂಡರು. ಆಗ ಕಲಿತವರಲ್ಲಿ ಹಲವರು ಮತ್ತೆ ಬಿಡಲಿಲ್ಲ.

ಮೊಟ್ಟೆ ಬಿಟ್ಟ ಜಾಗ ತುಂಬುವುದು ಹೇಗೆ?

ನಮ್ಮಲ್ಲಿ ಕೇಕ್ ಮಾಡುವವರಿಗೆ ಬರುವ ಮೊದಲ ಪ್ರಶ್ನೆ ರುಚಿಯದ್ದಲ್ಲ, ‘ಮೊಟ್ಟೆ ಹಾಕ್ತೀರಾ?’ ಎಂಬುದು. ಮೊಟ್ಟೆ ತಿನ್ನುವ ಮನೆಗಳಲ್ಲೂ ಹುಟ್ಟುಹಬ್ಬ ಸೋಮವಾರವೋ ಶನಿವಾರವೋ ಬಿದ್ದರೆ, ಶ್ರಾವಣವಾದರೆ, ಊರಿಂದ ಅಜ್ಜಿ ಬಂದಿದ್ದರೆ ಮೊಟ್ಟೆ ಹೊರಗುಳಿಯುತ್ತದೆ. ಹಾಗಾಗಿ ಮನೆ ಕೇಕಿನ ನಿಜವಾದ ಕಸುಬು ಇರುವುದು ಇಲ್ಲಿ.

ಮೊಟ್ಟೆ ಒಬ್ಬಂಟಿಯಾಗಿ ನಾಲ್ಕು ಕೆಲಸ ಮಾಡುತ್ತದೆ. ಕಡೆದಾಗ ಗಾಳಿಯನ್ನು ಹಿಡಿದಿಡುತ್ತದೆ. ಹಳದಿಯಲ್ಲಿರುವ ಲೆಸಿಥಿನ್ ಎಣ್ಣೆ ಮತ್ತು ನೀರನ್ನು ಬೆರೆಸಿ ಇಡುತ್ತದೆ. ಕಾವು ತಗುಲಿದಾಗ ಗಟ್ಟಿಯಾಗಿ ಕೇಕಿಗೆ ಎಲುಬು ಕೊಡುತ್ತದೆ. ಕೊನೆಗೆ ತೇವವನ್ನೂ ಕೊಡುತ್ತದೆ. ಅದನ್ನು ತೆಗೆದರೆ ನಾಲ್ಕು ಕೆಲಸಕ್ಕೂ ಬೇರೆ ಬೇರೆ ಆಳುಗಳನ್ನು ಹುಡುಕಬೇಕು.

ಗಾಳಿಯ ಕೆಲಸ ಸೋಡಾಕ್ಕೆ ಬೀಳುತ್ತದೆ. ಅಡುಗೆ ಸೋಡಾ ಹುಳಿಯೊಂದಿಗೆ ಸೇರಿದಾಗ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಆ ಗುಳ್ಳೆಗಳೇ ಕೇಕನ್ನು ಎತ್ತುವುದು. ಹುಳಿ ಯಾವುದಾದರೂ ಆದೀತು: ಮೊಸರು, ನಿಂಬೆರಸ, ವಿನಿಗರ್. ಬೇಕಿಂಗ್ ಪೌಡರಿನಲ್ಲಿ ಸೋಡಾ ಮತ್ತು ಒಣಹುಳಿ ಎರಡೂ ಮೊದಲೇ ಬೆರೆತಿರುತ್ತವೆ, ತೇವ ತಗುಲಿದರೆ ಸಾಕು. ಢೋಕ್ಲಾಕ್ಕೆ ಹಾಕುವ ಈನೋ ಪ್ಯಾಕೆಟ್ಟಿನಿಂದಲೂ ಕೇಕ್ ಉಬ್ಬುವುದು ಇದೇ ಕಾರಣಕ್ಕೆ. ಅದರಲ್ಲಿರುವುದು ಸೋಡಾ ಮತ್ತು ಸಿಟ್ರಿಕ್ ಆಮ್ಲ. ಮೊಸರು-ಸೋಡಾ ಸೇರಿದ ಕ್ಷಣದಿಂದ ಗುಳ್ಳೆ ಏಳತೊಡಗುತ್ತದೆ, ಕಾಯುವುದಿಲ್ಲ. ಹಿಟ್ಟು ಕಲಸಿಟ್ಟು ಫೋನ್ ಎತ್ತಿದವರ ಕೇಕ್ ಚಪ್ಪಟೆಯಾಗುವುದರಲ್ಲಿ ಯಾವ ಪವಾಡವೂ ಇಲ್ಲ. ‘ಚೆನ್ನಾಗಿ ಉಬ್ಬಲಿ’ ಎಂದು ಒಂದು ಚಿಟಿಕೆ ಹೆಚ್ಚು ಹಾಕುವುದಂತೂ ಕೂಡದು. ಹುಳಿಗೆ ಮೀರಿದ ಸೋಡಾ ಹಾಗೇ ಉಳಿದು ಸೋಪಿನ ರುಚಿ ಬರುತ್ತದೆ.

ಇಲ್ಲೊಂದು ಕುತೂಹಲದ ಸಂಗತಿ. ಬರ್ಮಿಂಗ್‌ಹ್ಯಾಮಿನ ಔಷಧ ವ್ಯಾಪಾರಿ ಆಲ್‌ಫ್ರೆಡ್ ಬರ್ಡ್ ಅವರ ಹೆಂಡತಿಗೆ ಮೊಟ್ಟೆಯೂ ಯೀಸ್ಟೂ ಒಗ್ಗುತ್ತಿರಲಿಲ್ಲ. ಅವರಿಗಾಗಿ ಬರ್ಡ್ 1837ರಲ್ಲಿ ಮೊಟ್ಟೆಯಿಲ್ಲದ ಕಸ್ಟರ್ಡ್ ಪುಡಿಯನ್ನೂ 1843ರಲ್ಲಿ ಒಂದು ಬಗೆಯ ಬೇಕಿಂಗ್ ಪೌಡರನ್ನೂ ತಯಾರಿಸಿದರು. ನಮ್ಮ ಎಗ್‌ಲೆಸ್ ಕೇಕಿಗೆ ಇಂದು ಎರಡು ಚಮಚ ಕಸ್ಟರ್ಡ್ ಪುಡಿ ಸೇರಿಸುವ ಗೃಹಿಣಿ, ಗೊತ್ತಿಲ್ಲದೆಯೇ ಆ ಬರ್ಡ್ ದಂಪತಿಯ ಎರಡೂ ಡಬ್ಬಿಗಳನ್ನು ಒಟ್ಟಿಗೆ ಬಳಸುತ್ತಿದ್ದಾಳೆ.

ಎಲುಬಿನ ಕೆಲಸ ಮಿಲ್ಕ್‌ಮೇಡ್‌ನಂಥ ಕಂಡೆನ್ಸ್ಡ್ ಹಾಲಿನದು. ನೀರು ಇಂಗಿಸಿದ ಹಾಲಿನಲ್ಲಿ ಪ್ರೊಟೀನು ದಟ್ಟವಾಗಿರುತ್ತದೆ, ಬೇಯುವಾಗ ಅದು ಕೇಕನ್ನು ಕಟ್ಟುತ್ತದೆ, ಬಣ್ಣವನ್ನೂ ಕೊಡುತ್ತದೆ. ಡಬ್ಬಿಯ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಸಕ್ಕರೆಯೇ. ಹಾಗಾಗಿ ಆ ಬಗೆಯ ಕೇಕಿನಲ್ಲಿ ಬೇರೆ ಸಕ್ಕರೆ ಕಡಿಮೆ. ಮೊಸರಿನ ಕೇಕ್ ಇದಕ್ಕಿಂತ ಹಗುರ, ಅಗ್ಗ. ನನ್ನ ಮತ ಕೇಳಿದರೆ ಹಣ್ಣು ಹಾಕುವ ಕೇಕಿಗೆ ಮೊಸರಿನದೇ ಸರಿ.

ಇನ್ನು ಮೈದಾ. ಹೋಳಿಗೆಯ ಕಣಕವನ್ನು ಎಣ್ಣೆ ಹಾಕಿ ನಾದಿದಷ್ಟೂ ಎಳೆ ಬರುತ್ತದೆ, ಅಲ್ಲವೇ? ಅದು ಗ್ಲುಟನ್ ಎಂಬ ಪ್ರೊಟೀನಿನ ಜಾಲ. ಹೋಳಿಗೆಗೆ ವರವಾದ ಅದೇ ಎಳೆ ಕೇಕಿಗೆ ಶಾಪ, ತಿಂದರೆ ರಬ್ಬರು. ಆದ್ದರಿಂದಲೇ ‘ಒಣಸಾಮಾನು ಹಾಕಿದ ಮೇಲೆ ಕೈ ಕಟ್ಟಿಕೋ’ ಎಂದು ಬಲ್ಲವರು ಹೇಳುವುದು. ಒಂದು ಕಪ್ಪಿನಲ್ಲಿ ಎರಡು ಚಮಚ ಮೈದಾ ತೆಗೆದು ಅಷ್ಟೇ ಕಾರ್ನ್‌ಫ್ಲೋರ್ ಸೇರಿಸಿದರೆ ಈ ಎಳೆ ಮತ್ತಷ್ಟು ತಗ್ಗುತ್ತದೆ. ರಾಗಿಯ ಕಷ್ಟ ಇದಕ್ಕೆ ತದ್ವಿರುದ್ಧ: ಅದರಲ್ಲಿ ಗ್ಲುಟನ್ ಇಲ್ಲವೇ ಇಲ್ಲ. ಬರೀ ರಾಗಿಯಲ್ಲಿ ಮೊಟ್ಟೆಯಿಲ್ಲದ ಕೇಕ್ ಮಾಡಿದರೆ ಚಾಕು ತಾಗುತ್ತಲೇ ಉದುರುತ್ತದೆ. ಅರ್ಧಕ್ಕರ್ಧ ಗೋಧಿ ಹಿಟ್ಟು ಬೆರೆಸಿ, ಸಕ್ಕರೆಯ ಬದಲು ಬೆಲ್ಲ ಹಾಕಿದರೆ ನಿಲ್ಲುತ್ತದೆ. ಬೆಲ್ಲಕ್ಕೆ ತೇವ ಹಿಡಿದಿಡುವ ಗುಣವಿದೆ, ತುಸು ಹುಳಿಯೂ ಇರುವುದರಿಂದ ಸೋಡಾಕ್ಕೆ ಜೊತೆಯಾಗುತ್ತದೆ.

ಬೆಣ್ಣೆಯೋ ಎಣ್ಣೆಯೋ ಎಂಬ ವಾದ ಮುಗಿಯುವಂಥದ್ದಲ್ಲ. ರುಚಿ ಬೆಣ್ಣೆಯದು, ಒಪ್ಪಿದೆ. ಆದರೆ ಕ್ರೀಮ್ ಬಳಿದ ಕೇಕ್ ಫ್ರಿಜ್ಜಿನಲ್ಲಿ ಇರಲೇಬೇಕು, ಅಲ್ಲಿ ಬೆಣ್ಣೆ ಕಲ್ಲಾಗುತ್ತದೆ, ಎಣ್ಣೆ ಆಗುವುದಿಲ್ಲ.

ಕುಕ್ಕರ್, ಕರೆಂಟು, ಸಮುದ್ರ ಮಟ್ಟ

ಒವನ್ ಇಲ್ಲದ ಮನೆಯಲ್ಲಿ ಕುಕ್ಕರೇ ಒವನ್. ತಳಕ್ಕೆ ಮರಳು ಅಥವಾ ಕಲ್ಲುಪ್ಪು, ಮೇಲೊಂದು ಸ್ಟ್ಯಾಂಡ್, ಅದರ ಮೇಲೆ ಟಿನ್. ನೀರು ಹಾಕುವುದಿಲ್ಲ, ಗ್ಯಾಸ್ಕೆಟ್, ವಿಷಲ್ ಎರಡನ್ನೂ ತೆಗೆದಿಡಬೇಕು. ಇವು ಮರೆತರೆ ಅದು ಕೇಕ್ ಕೆಡುವ ಮಾತಲ್ಲ, ಅಪಾಯದ ಮಾತು. ಮರಳು ಕಾವನ್ನು ಹಿಡಿದಿಟ್ಟು ಎಲ್ಲ ಕಡೆಗೂ ಸಮನಾಗಿ ಹಂಚುತ್ತದೆ. ಈ ವಿಧಾನದಲ್ಲಿ ಮೇಲ್ಭಾಗ ಕೆಂಪಗಾಗುವುದಿಲ್ಲ. ಕ್ರೀಮ್ ಬಳಿಯುವುದಾದರೆ ಅದರ ಚಿಂತೆ ಯಾರಿಗೆ?

ಓಟಿಜಿಯಲ್ಲಿ ಎಂಟು ಇಂಚಿನ ಟಿನ್ನಿಗೆ 170ರಿಂದ 180 ಡಿಗ್ರಿ ಕಾವು, ಮೂವತ್ತೈದರಿಂದ ನಲವತ್ತು ನಿಮಿಷ. ‘ಮೊದಲ ಇಪ್ಪತ್ತೈದು ನಿಮಿಷ ಬಾಗಿಲು ತೆಗೆಯಬೇಡ’ ಎಂಬ ಕಟ್ಟಪ್ಪಣೆಗೆ ಕಾರಣವಿದೆ. ಗುಳ್ಳೆಗಳು ಹಿಗ್ಗಿರುತ್ತವೆ, ಅವುಗಳ ಸುತ್ತಲಿನ ಹಿಟ್ಟು ಇನ್ನೂ ಗಟ್ಟಿಯಾಗಿರುವುದಿಲ್ಲ. ತಣ್ಣನೆ ಗಾಳಿ ನುಗ್ಗಿದರೆ ಗುಳ್ಳೆ ಕುಗ್ಗಿ ನಡುಭಾಗ ಕುಸಿಯುತ್ತದೆ. ಕರೆಂಟ್ ಹೋದರೂ ಇದೇ ಗತಿ. ಓಟಿಜಿ ಎಳೆಯುವ ವಿದ್ಯುತ್ತು ಸಾವಿರದೈನೂರು ವಾಟಿನ ಆಸುಪಾಸು, ಮನೆಯ ಸಾಮಾನ್ಯ ಇನ್ವರ್ಟರಿಗೆ ತಡೆಯುವುದಲ್ಲ. ಮಳೆಗಾಲದಲ್ಲಿ ಮಲೆನಾಡಿನ ಮನೆಗಳಲ್ಲಿ ಇವತ್ತಿಗೂ ಗ್ಯಾಸ್ ಒಲೆಯ ಮೇಲಿನ ಕುಕ್ಕರಿಗೆ ಮರ್ಯಾದೆ ಇರುವುದು ಇದರಿಂದಲೇ.

ಮಂಗಳೂರಿನ ಚಿಕ್ಕಮ್ಮ ಹೇಳಿಕೊಟ್ಟ ಅಳತೆ ಬೆಂಗಳೂರಿನಲ್ಲಿ ಕೈಕೊಡುವುದೂ ಉಂಟು. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ಮಡಿಕೇರಿ ಇನ್ನೂ ಮೇಲೆ. ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ಕಡಿಮೆ. ಅಷ್ಟೇ ಸೋಡಾ ಹಾಕಿದರೂ ಗುಳ್ಳೆ ಹೆಚ್ಚು ಹಿಗ್ಗುತ್ತದೆ, ನೀರು ಬೇಗ ಆರುತ್ತದೆ. ಕೇಕ್ ಬುಸ್ಸನೆ ಎದ್ದು ಗುಳಿ ಬೀಳುತ್ತಿದ್ದರೆ ಸೋಡಾ ಒಂದು ಚೂರು ತಗ್ಗಿಸಿ, ಹಾಲು ಒಂದೆರಡು ಚಮಚ ಏರಿಸಿ ನೋಡಬೇಕು. ಚಿಕ್ಕಮ್ಮನ ಮೇಲೆ ತಪ್ಪು ಹೊರಿಸುವುದು ಬೇಡ.

ಕ್ರೀಮಿನ ಒಳಗೇನಿದೆ?

ಅಂಗಡಿ ಕೇಕಿನ ಮೇಲಿನ ಅಚ್ಚ ಬಿಳಿಯ, ಮೇ ತಿಂಗಳಲ್ಲೂ ಕರಗದ ಕ್ರೀಮಿನಲ್ಲಿ ಸಾಮಾನ್ಯವಾಗಿ ಹಾಲಿನ ಕೆನೆ ಇರುವುದಿಲ್ಲ. ಅದು ತಾಳೆಬೀಜದಂಥ ಸಸ್ಯಜನ್ಯ ಎಣ್ಣೆಯನ್ನು ಗಟ್ಟಿಗೊಳಿಸಿ, ಸಕ್ಕರೆ, ನೀರು, ಬೆರೆತು ನಿಲ್ಲಲು ಬೇಕಾದ ಪದಾರ್ಥ ಸೇರಿಸಿ ತಯಾರಿಸಿದ ‘ನಾನ್‌ ಡೈರಿ’ ಕ್ರೀಮ್. ಫ್ರೀಜರಿನಲ್ಲಿ ಇಟ್ಟು, ಬೇಕಾದಾಗ ಫ್ರಿಜ್ಜಿನಲ್ಲಿ ಕರಗಿಸಿ, ಹಿಮದ ಹರಳು ಪೂರ್ತಿ ಹೋದ ಮೇಲೆ ತಣ್ಣಗಿರುವಾಗಲೇ ಕಡೆಯಬೇಕು. ಅಮೆರಿಕದ ಬಫಲೊ ನಗರದ ರಾಬರ್ಟ್ ರಿಚ್ 1945ರಲ್ಲಿ ಸೋಯಾದಿಂದ ಇಂಥ ಕ್ರೀಮ್ ತಯಾರಿಸಿದರು. ಅವರ ಹೆಸರಿನ ಪೊಟ್ಟಣವನ್ನೇ ನಮ್ಮ ಹೋಂ ಬೇಕರುಗಳು ‘ರಿಚ್ ಕ್ರೀಮ್’ ಎಂದು ಕೇಳಿ ತರುವುದು.

ಅದರ ಅನುಕೂಲವನ್ನು ಅಲ್ಲಗಳೆಯುವಂತಿಲ್ಲ. ಹಾಲಿನ ಕೊಬ್ಬು ನಮ್ಮ ಬೇಸಿಗೆಯ ಕೋಣೆಯಲ್ಲೇ ಕರಗತೊಡಗುತ್ತದೆ, ಇದು ಇನ್ನೂ ಮೇಲಿನ ಉಷ್ಣತೆಗೂ ನಿಲ್ಲುತ್ತದೆ. ಗೆರೆ ಎಳೆದಂತೆ ಹೂವು ಬಿಡಿಸಬಹುದು. ನಾಲಿಗೆಯ ಮೇಲೂ ಅದು ಸುಲಭಕ್ಕೆ ಕರಗುವುದಿಲ್ಲ ಎಂಬುದೇ ತೊಡಕು. ತಿಂದ ಮೇಲೆ ಅಂಗುಳಕ್ಕೆ ಪದರ ಹಿಡಿದಂತಾಗುತ್ತದೆ. ಆರೋಗ್ಯದ ದೃಷ್ಟಿಯಿಂದ ಒಂದು ಸುಧಾರಣೆಯಾಗಿದೆ. ಎಣ್ಣೆ-ಕೊಬ್ಬುಗಳಲ್ಲಿ ಟ್ರಾನ್ಸ್ ಫ್ಯಾಟ್ ಶೇ 2 ಮೀರಬಾರದೆಂಬ ನಿಯಮ 2022ರ ಜನವರಿಯಿಂದ ಜಾರಿಯಲ್ಲಿದೆ. ಪರ್ಯಾಪ್ತ ಕೊಬ್ಬು ಮಾತ್ರ ಇದ್ದೇ ಇದೆ.

ಹಾಲಿನ ಕೆನೆಯಲ್ಲೇ ಮಾಡೋಣ ಎಂದು ಅಂಗಡಿಯ ‘ಫ್ರೆಶ್ ಕ್ರೀಮ್’ ಪೊಟ್ಟಣ ತಂದು ಅರ್ಧ ಗಂಟೆ ಕಡೆದು ಸೋತವರು ಬಹಳ. ಅದರಲ್ಲಿ ಕೊಬ್ಬಿನಂಶ ಶೇ 25ರಷ್ಟು ಮಾತ್ರ. ಅದು ಪನೀರ್ ಗ್ರೇವಿಗೆ, ಫ್ರೂಟ್ ಸಲಾಡಿಗೆ. ಗಟ್ಟಿಯಾಗಿ ನಿಲ್ಲಬೇಕಾದರೆ ಶೇ 35ರ ಸುತ್ತಮುತ್ತ ಕೊಬ್ಬಿರುವ ವಿಪ್ಪಿಂಗ್ ಕ್ರೀಮ್ ಬೇಕು; ಪಾತ್ರೆ, ಬೀಟರಿನ ಕಡ್ಡಿಗಳೂ ತಣ್ಣಗಿರಬೇಕು. ಒಂದು ನಿಮಿಷ ಹೆಚ್ಚು ಕಡೆದರೆ ಬೆಣ್ಣೆ ಬರುತ್ತದೆ. ಹೇಗೂ ಮೊಸರು ಕಡೆದು ಗೊತ್ತಿರುವ ನಮಗೆ ಇದು ಅಚ್ಚರಿಯಲ್ಲ.

ಮನೆಯ ಕೇಕಿಗೆ ಇರುವ ಸ್ವಾತಂತ್ರ್ಯ ಇಲ್ಲೇ ಕೆಲಸಕ್ಕೆ ಬರಬೇಕು. ಸಂಜೆಗೆ ಮುಗಿಯುವ ಕೇಕಿಗೆ ಹಾಲಿನ ಕೆನೆ, ಬಾದಾಮಿ ಮಾವಿನ ತಿರುಳು, ಗಟ್ಟಿ ಕಾಫಿ ಡಿಕಾಕ್ಷನ್, ಎಳನೀರಿನ ಗಂಜಿ ಎಲ್ಲವೂ ಆಗುತ್ತದೆ. ಅಂಗಡಿಗೆ ಇವು ಆಗುವುದಿಲ್ಲ. ಏಪ್ರಿಲಿನಲ್ಲಿ ಮಾವಿನ ಹಣ್ಣನ್ನು ಪಕ್ಕದಲ್ಲಿಟ್ಟುಕೊಂಡು ಮಾವಿನ ಎಸೆನ್ಸ್ ಬಾಟಲಿ ತೆರೆಯುವವರನ್ನು ಕಂಡರೆ ನನಗೆ ತಡೆಯಲಾಗದ ಕೋಪ.

ಫಾಂಡಂಟ್ ಎಂಬ ಸಕ್ಕರೆ ಕಣಕದ ಬಗ್ಗೆ ಎರಡು ಮಾತು ಸಾಕು. ಆನೆ, ಕಾರು, ಬೊಂಬೆಗಳನ್ನು ಮಾಡಲು ಅದು ಅನುಕೂಲ. ಮಕ್ಕಳು ಕಿತ್ತು ಪಕ್ಕಕ್ಕಿಡುತ್ತಾರೆ. ಅದು ಗಾಳಿಯ ತೇವ ಹೀರುತ್ತದೆ. ಬೆಂಗಳೂರಿನಲ್ಲಿ ನೆಟ್ಟಗೆ ನಿಂತ ಬೊಂಬೆ ಉಡುಪಿಯ ಜೂನಿನಲ್ಲಿ ಬೆವರಿ ತಲೆಬಾಗುತ್ತದೆ. ಸಸ್ಯಾಹಾರಿ ಮನೆಯವರು ಇನ್ನೊಂದು ಗಮನಿಸಬೇಕು. ಕೆಲವು ಫಾಂಡಂಟ್, ಮಾರ್ಷ್‌ಮೆಲೊ, ಕನ್ನಡಿಯಂತೆ ಹೊಳೆಯುವ ಗ್ಲೇಜುಗಳಿಗೆ ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದ ಜಿಲಾಟಿನ್ ಹಾಕುತ್ತಾರೆ. ಮೊಟ್ಟೆ ಇಲ್ಲವೆಂದು ನೆಮ್ಮದಿಯಿಂದ ಇರುವ ಅಜ್ಜಿಗೆ ಇದನ್ನು ಯಾರೂ ಹೇಳಿರುವುದಿಲ್ಲ. ಪೊಟ್ಟಣದ ಮೇಲೆ ಹಸಿರು ಚುಕ್ಕೆ ನೋಡುವುದೊಂದೇ ದಾರಿ.

ಕೆಂಪು ಎಲ್ಲಿಂದ ಬಂತು?

2024ರ ಮಾರ್ಚಿನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿ ಮತ್ತು ಬಾಂಬೆ ಮಿಠಾಯಿಗೆ ಕೃತಕ ಬಣ್ಣ ಹಾಕಬಾರದೆಂದು ಆದೇಶಿಸಿದ್ದು ನೆನಪಿರಬಹುದು. ಅದೇ ವರ್ಷ ಅಕ್ಟೋಬರಿನಲ್ಲಿ ಕೇಕಿನ ಸರದಿ ಬಂತು. ಆಹಾರ ಸುರಕ್ಷತೆಯ ಅಧಿಕಾರಿಗಳು ಪರೀಕ್ಷಿಸಿದ 235 ಕೇಕ್ ಮಾದರಿಗಳಲ್ಲಿ 12 ಅಸುರಕ್ಷಿತವೆಂದು ಕಂಡುಬಂದವು. ರೆಡ್ ವೆಲ್ವೆಟ್, ಬ್ಲ್ಯಾಕ್ ಫಾರೆಸ್ಟ್‌ಗಳ ಹೆಸರು ವಿಶೇಷವಾಗಿ ಕೇಳಿಬಂತು.

ನಮ್ಮ ದೇಶದಲ್ಲಿ ಆಹಾರಕ್ಕೆ ಅನುಮತಿ ಇರುವ ಕೃತಕ ಬಣ್ಣಗಳು ಎಂಟು. ಅವಕ್ಕೂ ಮಿತಿಯಿದೆ, ಸಾಮಾನ್ಯವಾಗಿ ಕಿಲೋಗೆ 100 ಮಿಲಿಗ್ರಾಂ. ತಿಳಿಗುಲಾಬಿಗೆ ಇದು ಧಾರಾಳವಾಯಿತು. ಕೋಕೊ ಬೆರೆತ ಹಿಟ್ಟನ್ನು ಕಡುಗೆಂಪು ಮಾಡಬೇಕೆಂದರೆ, ಕ್ರೀಮನ್ನು ಕಡುನೀಲಿಯೋ ಕಪ್ಪೋ ಮಾಡಬೇಕೆಂದರೆ ಬಾಟಲಿಯನ್ನೇ ಬಗ್ಗಿಸಬೇಕಾಗುತ್ತದೆ. ಮನೆಯಲ್ಲಿ ಮಿಲಿಗ್ರಾಂ ಅಳೆಯುವವರು ಯಾರು? ಕೇಕ್ ತಿಂದ ಮಕ್ಕಳ ನಾಲಿಗೆ ಮರುದಿನವೂ ನೀಲಿಯಾಗಿದ್ದರೆ ಅಳತೆ ತಪ್ಪಿದೆ ಎಂದೇ ಅರ್ಥ.

ಬೀಟ್‌ರೂಟ್ ಹಾಕಬಹುದಲ್ಲ ಎನ್ನುವವರಿದ್ದಾರೆ. ಅದರ ಕೆಂಪು ಕಾವಿಗೂ ಸೋಡಾಕ್ಕೂ ತಾಳುವುದಿಲ್ಲ, ಒವನ್ನಿನಿಂದ ಹೊರಬರುವಾಗ ಕಂದುಬಣ್ಣ. ಅದನ್ನು ಬೇಯುವ ಹಿಟ್ಟಿಗೆ ಹಾಕದೆ ಕ್ರೀಮಿಗೆ ಬೆರೆಸಿದರೆ ಚೆಂದದ ಗುಲಾಬಿ ಬರುತ್ತದೆ. ಅರಿಶಿನದ ತಮಾಷೆಯೇ ಬೇರೆ. ಆರತಿ ತಟ್ಟೆಯ ನೀರಿಗೆ ಅರಿಶಿನ, ಸುಣ್ಣ ಹಾಕಿದರೆ ಕೆಂಪಾಗುತ್ತದಲ್ಲ, ಅದೇ ಪ್ರಸಂಗ ಕೇಕಿನೊಳಗೂ ನಡೆಯುತ್ತದೆ: ಹಳದಿ ಬರಲೆಂದು ಅರಿಶಿನ ಹಾಕಿ, ಸೋಡಾ ಕೊಂಚ ಹೆಚ್ಚಾದರೆ ಕೇಕಿನ ತುಂಬ ಕೆಂಪು ಚುಕ್ಕಿಗಳು. ಶಂಖಪುಷ್ಪದ ನೀಲಿಗೆ ನಿಂಬೆರಸ ಬಿದ್ದರೆ ನೇರಳೆ. ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಡಿದರೆ ಒಂದು ವಿಜ್ಞಾನದ ಪಾಠವೇ ಆಗುತ್ತದೆ.

ಚಿನ್ನದ, ಬೆಳ್ಳಿಯ ಹೊಳಪಿನ ಪುಡಿಗಳ ವಿಷಯದಲ್ಲಿ ತಮಾಷೆ ಮಾಡುವಂತಿಲ್ಲ. 2018ರಲ್ಲಿ ಅಮೆರಿಕದ ರೋಡ್ ಐಲೆಂಡ್‌ನಲ್ಲಿ ಹೊಳಪಿನ ಪುಡಿ ಬಳಿದ ಹುಟ್ಟುಹಬ್ಬದ ಕೇಕ್ ತಿಂದ ಮಕ್ಕಳು ವಾಂತಿ ಮಾಡಿಕೊಂಡರು. ತನಿಖೆಯಲ್ಲಿ ಆ ಪುಡಿ ಬಹುಪಾಲು ತಾಮ್ರವೆಂದು ತಿಳಿಯಿತು. ‘ನಾನ್‌ ಟಾಕ್ಸಿಕ್’ ಎಂದು ಬರೆದಿದ್ದರೆ ತಿನ್ನಬಹುದು ಎಂದರ್ಥವಲ್ಲ. ಪದಾರ್ಥಗಳ ಪಟ್ಟಿ, ಆಹಾರ ಪರವಾನಗಿಯ ಸಂಖ್ಯೆ ಇಲ್ಲದ ಡಬ್ಬಿಯನ್ನು ರಂಗೋಲಿಗೆ ಬಳಸಿಕೊಳ್ಳಿ. ಹೂವಿನ ಸಿಂಗಾರಕ್ಕೂ ಈ ಮಾತು ಅನ್ವಯ. ಮಾರುಕಟ್ಟೆಯ ಗುಲಾಬಿಗೆ ಔಷಧಿ ಹೊಡೆದಿರುತ್ತಾರೆ, ಹಿತ್ತಲಿನ ಕಣಗಿಲೆಯಂತೂ ಗಿಡಪೂರ್ತಿ ವಿಷ.

ಕೇಕಿನ ನೆತ್ತಿಯ ಮೇಲಿನ ಆ ಕೆಂಪು ಚೆರ್ರಿಯ ಗುಟ್ಟನ್ನೂ ಹೇಳಿಬಿಡುತ್ತೇನೆ. ನಮ್ಮಲ್ಲಿ ಚೆರ್ರಿ ಎಂದು ಮಾರುವುದು ಬಹಳ ಸಲ ಬೀಜ ತೆಗೆದು, ಸಕ್ಕರೆ ಪಾಕದಲ್ಲಿ ಅದ್ದಿ, ಬಣ್ಣ ಹಾಕಿದ ಕವಳಿಕಾಯಿ. ತುಳುನಾಡಿನ ಮನೆಗಳಲ್ಲಿ ಉಪ್ಪಿನಕಾಯಿ ಹಾಕುವ ಕರಂಡೆ ಅದೇ. ಟೂಟಿಫ್ರೂಟಿಯೋ, ಪಪ್ಪಾಯಿ ಕಾಯಿ.

ದೀಪ ಹಚ್ಚುವವರ ಮನೆಯಲ್ಲಿ ಮೇಣದಬತ್ತಿ

ಶುಭಕಾರ್ಯದಲ್ಲಿ ದೀಪ ಊದಿ ಆರಿಸುವುದು ಹಿರಿಯರಿಗೆ ಇಂದಿಗೂ ಕಸಿವಿಸಿ. ಹಾಗಾಗಿ ಹಲವು ಮನೆಗಳಲ್ಲಿ ರಾಜಿಯಾಗಿದೆ. ಬೆಳಿಗ್ಗೆ ಎಣ್ಣೆಸ್ನಾನ, ಆರತಿ, ಪಾಯಸ, ಸಂಜೆ ಕೇಕ್. ಕೆಲವರು ಮಗುವಿನ ಕೈಯಲ್ಲಿ ದೀಪ ಹಚ್ಚಿಸಿ ಕೇಕ್ ಕತ್ತರಿಸುತ್ತಾರೆ. ಅಜ್ಜಿಯ ವಾದಕ್ಕೆ ವಿಜ್ಞಾನದ ಕಡೆಯಿಂದಲೂ ಅನಿರೀಕ್ಷಿತ ಬೆಂಬಲ ಸಿಕ್ಕಿದೆ. ಅಮೆರಿಕದ ಕ್ಲೆಮ್ಸನ್ ವಿಶ್ವವಿದ್ಯಾಲಯದವರು 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮೇಣದಬತ್ತಿ ಊದಿದಾಗ ಐಸಿಂಗಿನ ಮೇಲಿನ ಬ್ಯಾಕ್ಟೀರಿಯಾ ಸರಾಸರಿ ಶೇ 1,400ರಷ್ಟು ಹೆಚ್ಚಿತ್ತು. ಆರೋಗ್ಯವಂತರಿಗೆ ಇದರಿಂದ ದೊಡ್ಡ ಅಪಾಯವೇನೂ ಇಲ್ಲ. ಸ್ನೋ ಸ್ಪ್ರೇ ಹಾಗಲ್ಲ, ಅದರ ಅನಿಲ ಬೆಂಕಿ ಹಿಡಿಯುವಂಥದ್ದು. ಉರಿಯುವ ಮೇಣದಬತ್ತಿಯ ಬಳಿ ಅದನ್ನು ಹಾರಿಸುವ ಹುಡುಗರ ಕೈಯಿಂದ ಡಬ್ಬಿ ಕಿತ್ತುಕೊಳ್ಳುವುದೇ ಸರಿ.

‘ಅಕ್ಕ, ಎಷ್ಟಾಯ್ತು ಹೇಳಿ’

ಬಂಧುಗಳಿಗೆ ಮಾಡಿಕೊಡುವ ಕೇಕಿನ ಅತಿ ಕಠಿಣ ಭಾಗ ಒವನ್ನಿನಲ್ಲಿಲ್ಲ. ‘ಅಕ್ಕ, ಎಷ್ಟಾಯ್ತು ಹೇಳಿ’ ಎಂದು ಪಕ್ಕದ ಮನೆಯವರು ಕೇಳುತ್ತಾರೆ. ‘ಅಯ್ಯೋ, ನಿಮ್ಮ ಹತ್ರ ದುಡ್ಡು ತಗೊಳ್ಳೋದಾ’ ಎಂದು ಬಾಯಿಂದ ಬಂದುಬಿಡುತ್ತದೆ. ಅವರು ಸಂಕೋಚಪಟ್ಟು ಮಗುವಿನ ಕೈಗೆ ನೋಟು ತುರುಕುತ್ತಾರೆ, ಇಲ್ಲವೇ ರವಿಕೆ ಕಣ ಕೊಡುತ್ತಾರೆ. ಬೆಣ್ಣೆ, ಚಾಕೊಲೇಟ್, ಡಬ್ಬಿ, ಬೋರ್ಡಿನ ಲೆಕ್ಕ ಸಿಗುತ್ತದೆ. ಶುಕ್ರವಾರ ಕೇಕ್ ಬೇಯಿಸಿ, ಶನಿವಾರ ಸೀಳಿ ಪಾಕ ಚಿಮುಕಿಸಿ ತೆಳುವಾಗಿ ಮೊದಲ ಪದರ ಬಳಿದು, ಭಾನುವಾರ ಬೆಳಿಗ್ಗೆ ಹೂವು ಬಿಡಿಸಿದ ಹೊತ್ತಿನ ಲೆಕ್ಕ ಯಾರ ಪುಸ್ತಕದಲ್ಲೂ ಇಲ್ಲ. ಅದನ್ನು ‘ಹವ್ಯಾಸ’ ಎಂದು ಕರೆದು ಮನೆಯವರು ಕೈತೊಳೆದುಕೊಳ್ಳುತ್ತಾರೆ. ಆ ರಾತ್ರಿಯ ಪಾತ್ರೆಗಳನ್ನಾದರೂ ಬೇರೆಯವರು ತೊಳೆಯಬೇಕೆಂಬುದು ನನ್ನ ತಕರಾರು.

ದುಡ್ಡಿಗೆ ಮಾಡಿಕೊಡುವುದಾದರೆ ಅಡುಗೆಮನೆಯಿಂದ ಮಾರಿದರೂ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಬೇಕು. ಅರ್ಜಿಯನ್ನು ಮನೆಯಿಂದಲೇ ಹಾಕಬಹುದು. ಹೊಸಬರು ಒಂದೆರಡು ಬಗೆಯ ಕೇಕಿಗಷ್ಟೇ ಕೈಹಾಕುವುದು ಜಾಣತನ. ಫೋಟೊದಲ್ಲಿ ತೋರಿಸಿದ್ದಕ್ಕೆಲ್ಲ ‘ಆಗುತ್ತೆ’ ಎಂದವರು ಭಾನುವಾರ ಮಧ್ಯಾಹ್ನ ಅಳುವುದನ್ನು ಕಂಡಿದ್ದೇನೆ.

ರಸ್ತೆಯ ಉಬ್ಬು ದಾಟಬೇಕು

ಇಷ್ಟೆಲ್ಲ ಆದ ಮೇಲೂ ಕೇಕ್ ಪಾರ್ಟಿ ಹಾಲ್‌ಗೋ ಛತ್ರಕ್ಕೋ ತಲುಪಬೇಕು. ಹೊರಡುವ ಮುನ್ನ ಕನಿಷ್ಠ ಮೂರ್ನಾಲ್ಕು ಗಂಟೆ ಫ್ರಿಜ್ಜಿನಲ್ಲಿದ್ದರೆ ಕ್ರೀಮ್ ಬಿಗಿದು ಜಾರುವುದಿಲ್ಲ. ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಳ್ಳುವುದು ಎಲ್ಲರೂ ಮಾಡುವ ತಪ್ಪು. ತೊಡೆ ಸಮತಟ್ಟಲ್ಲ, ಮೈಬಿಸಿ ಬೇರೆ. ಕಾರಿನಲ್ಲಿ ಕಾಲಿಡುವ ಜಾಗ ಅತ್ಯಂತ ಸಮ, ಅತ್ಯಂತ ತಂಪು. ಡಬ್ಬಿಯ ಕೆಳಗೆ ಒದ್ದೆ ಬಟ್ಟೆಯೋ ರಬ್ಬರ್ ಮ್ಯಾಟೋ ಹಾಸಿದರೆ ಜಾರುವುದಿಲ್ಲ. ಸ್ಕೂಟರೇ ಗತಿಯಾದರೆ ಒಂದಂತಸ್ತಿನ ಕೇಕಿಗೆ ತೃಪ್ತರಾಗಬೇಕು.

ಎರಡಂತಸ್ತಿನದಾದರೆ ಮೇಲಿನದರ ಭಾರಕ್ಕೆ ಕೆಳಗಿನದು ಕುಸಿಯದಂತೆ ಒಳಗೆ ಕಂಬ ನಿಲ್ಲಿಸಬೇಕು. ಇದಕ್ಕೆ ದಪ್ಪ ಸ್ಟ್ರಾ ಸಾಕು. ಕೆಳಗಿನ ಕೇಕಿನ ಎತ್ತರಕ್ಕೆ ಸರಿಯಾಗಿ ಕತ್ತರಿಸಿ ನಾಲ್ಕೈದು ಕಡೆ ಚುಚ್ಚಿ, ಮೇಲಿನ ಕೇಕನ್ನು ರಟ್ಟಿನ ಸಮೇತ ಅವುಗಳ ಮೇಲೆ ಕೂರಿಸುತ್ತಾರೆ. ಭಾರವೆಲ್ಲ ಸ್ಟ್ರಾಗಳಿಗೆ ಹೋಗುತ್ತದೆ, ಕೇಕಿಗೆ ತಾಗುವುದಿಲ್ಲ. ಮೇಲಂತಸ್ತನ್ನು ಬೇರೆ ಡಬ್ಬಿಯಲ್ಲಿ ಒಯ್ದು ಅಲ್ಲೇ ಜೋಡಿಸುವುದು ಇನ್ನೂ ಸುರಕ್ಷಿತ. ಎಷ್ಟು ಸ್ಟ್ರಾ ಚುಚ್ಚಿದ್ದೀರೆಂದು ಡಬ್ಬಿಯ ಮೇಲೆ ಬರೆದಿಡಿ. ಕತ್ತರಿಸಿ ಹಂಚುವವರು ಸಾಮಾನ್ಯವಾಗಿ ಬೇರೆ ಯಾರೋ ಆಗಿರುತ್ತಾರೆ, ಅವರು ಅಷ್ಟನ್ನೂ ಎಣಿಸಿ ಹೊರತೆಗೆದ ಮೇಲೆಯೇ ತಟ್ಟೆಗಳು ಮಕ್ಕಳ ಕಡೆಗೆ ಹೋಗಬೇಕು.